ಭಿವಾನಿಯ ‘ಹವಾ’

2025ರ ನವೆಂಬರ್. ಗ್ರೇಟರ್ ನೋಯ್ಡಾದ ಕ್ರೀಡಾಂಗಣದಲ್ಲಿ ವಿಶ್ವ ಬಾಕ್ಸಿಂಗ್ ಕಪ್ ಫೈನಲ್ಸ್ ನಡೆಯುತ್ತಿತ್ತು. ನನ್ನ ಟೀಮಿನ ಭಿವಾನಿ ಹುಡುಗ ಬಲವಂತವಾಗಿ ಎಳೆದುಕೊಂಡು ಹೋದ. ಕ್ರಿಕೆಟ್ ಬಿಟ್ಟರೆ ನನಗೆ ಗೊತ್ತಿರುವುದು ದಸರಾ ಕುಸ್ತಿ ಮಾತ್ರ, ಅದೂ ಟಿವಿಯಲ್ಲಿ ನೋಡಿದ್ದು. ಮಹಿಳೆಯರ 80+ ಕೆ.ಜಿ. ವಿಭಾಗದಲ್ಲಿ ನೂಪುರ್ ಶೆರಾನ್ ಚಿನ್ನ ಗೆದ್ದಾಗ ಅವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಇಳಿದ ಮೇಲೆ ಹೇಳಿದ್ದು ಇಷ್ಟೇ: ಇವಳು ಹವಾ ಸಿಂಗ್ ಅವರ ಮೊಮ್ಮಗಳು. ನಾನು ಯಾರು ಅವರು ಅಂದೆ. ಬೆಂಗಳೂರಿನಲ್ಲಿ ನಿಂತು ರಾಜ್‌ಕುಮಾರ್ ಯಾರು ಎಂದು ಕೇಳಿದವನನ್ನು ನಾವು ಹೇಗೆ ನೋಡುತ್ತೇವೋ ಹಾಗೆ ನನ್ನನ್ನು ನೋಡಿದ.

ನಮಗೆ ಹವಾ ಅಂದರೆ ಸಿನಿಮಾ ಹೀರೋಗಳ ಹವಾ. ಈ ಕಡೆ ಹಿಂದಿಯಲ್ಲಿ ಗಾಳಿ. ಗಾಳಿಯ ಹೆಸರಿಟ್ಟುಕೊಂಡ ಈ ಮನುಷ್ಯ ಮಾತ್ರ ಹೆವಿವೇಟ್ ಬಾಕ್ಸರ್. ಆ ನಾಚಿಕೆಗೆ ಅವರ ಬಗ್ಗೆ ಓದುತ್ತಾ ಹೋದೆ. ಓದಿದಷ್ಟೂ, ಹತ್ತು ವರ್ಷದಿಂದ ಇದೇ ಎನ್‌ಸಿಆರ್‌ನಲ್ಲಿ ಬಾಡಿಗೆ ಕಟ್ಟಿಕೊಂಡಿರುವ ನನಗೆ ಇದು ಗೊತ್ತಿರಲಿಲ್ಲವಲ್ಲ ಅನ್ನಿಸಿತು.

ಹವಾ ಸಿಂಗ್ ಹುಟ್ಟಿದ್ದು 1937ರ ಡಿಸೆಂಬರ್ 16ರಂದು, ಈಗಿನ ಹರಿಯಾಣದ ಭಿವಾನಿ ಸೀಮೆಯ ಉಮರ್‌ವಾಸ್ ಹಳ್ಳಿಯಲ್ಲಿ. ದೆಹಲಿಯಿಂದ ಭಿವಾನಿಗೆ ಸುಮಾರು 125 ಕಿ.ಮೀ., ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಮೈಸೂರಿನ ಅಂತರ. ಸರ್ಕಾರಿ ಲೆಕ್ಕದಲ್ಲಿ ಅದೂ ಎನ್‌ಸಿಆರ್. ಆದರೆ ರೋಹ್ತಕ್ ದಾಟಿ ಮುಂದೆ ಹೋದರೆ ಗುರುಗ್ರಾಮದ ಗಾಜಿನ ಕಟ್ಟಡಗಳ ನೆನಪೂ ಬರುವುದಿಲ್ಲ. ಸಜ್ಜೆ, ಸಾಸಿವೆ, ಕಡಲೆ ಬೆಳೆಯುವ ಮರಳು ಮಿಶ್ರಿತ ನೆಲ. ರಾಜಸ್ಥಾನ ಪಕ್ಕದಲ್ಲೇ ಇದೆ. ಅಲ್ಲಿನ ಎತ್ತರದ ಹುಡುಗರಿಗೆ ಆಗ ಇದ್ದ ಒಂದು ದೊಡ್ಡ ದಾರಿಯೆಂದರೆ ಸೈನ್ಯ. ಹವಾ ಸಿಂಗ್ 1956ರಲ್ಲಿ ಸೇನೆ ಸೇರಿದರು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ನಾಡು ಒಂದಾಯಿತು. ಅವರ ಹರಿಯಾಣ ಹುಟ್ಟಲು ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಬಾಕ್ಸಿಂಗ್ ಅವರಿಗೆ ಸಿಕ್ಕಿದ್ದು ಸೇನೆಯಲ್ಲಿ. ಅಂದಿನ ಭಾರತದಲ್ಲಿ ಹೆವಿವೇಟ್ ಬಾಕ್ಸರ್ ಆಗುವುದು ಎಂದರೇನು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಆಗ 81 ಕೆ.ಜಿ.ಗಿಂತ ಹೆಚ್ಚು ತೂಗುವವರೆಲ್ಲ ಹೆವಿವೇಟ್. ದೇಶ ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗೆ ಕಾಯುತ್ತಿದ್ದ ಕಾಲ. 1965ರಲ್ಲಿ ಪ್ರಧಾನಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡ ಕಾಲ. ಅಂಥದ್ದರಲ್ಲಿ ಕೊಬ್ಬಿಲ್ಲದ ಅಷ್ಟು ತೂಕದ ಮೈ ಕಟ್ಟಿಕೊಳ್ಳುವುದು, ಅದನ್ನು ಹತ್ತು ವರ್ಷ ಕಾಪಾಡಿಕೊಳ್ಳುವುದು ಸಣ್ಣ ಮಾತಲ್ಲ. ಸೇನೆಯ ರೇಷನ್ ಇಲ್ಲದಿದ್ದರೆ ಹವಾ ಸಿಂಗ್ ಇರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ತಲೆಗೆ ರಕ್ಷಣೆಯ ಹೆಲ್ಮೆಟ್ ಕೂಡ ಆಗಿನ ಆಟದಲ್ಲಿ ಇರಲಿಲ್ಲ. ಮೂರು ಮೂರು ನಿಮಿಷದ ಮೂರು ಸುತ್ತು, ಬರಿತಲೆ, ಎದುರಿಗೆ ತನ್ನಷ್ಟೇ ಭಾರದ ಇನ್ನೊಬ್ಬ.

1960ರಲ್ಲಿ ಅವರು ಹಾಲಿ ಚಾಂಪಿಯನ್ ಮೊಹಬ್ಬತ್ ಸಿಂಗ್ ಅವರನ್ನು ಸೋಲಿಸಿ ಸೇನೆಯ ವೆಸ್ಟರ್ನ್ ಕಮಾಂಡ್ ಚಾಂಪಿಯನ್ ಆದರು. ಮರುವರ್ಷ ರಾಷ್ಟ್ರೀಯ ಹೆವಿವೇಟ್ ಪಟ್ಟ. ಅಲ್ಲಿಂದ ಸತತ 11 ಸಲ ಆ ಪಟ್ಟ ಅವರ ಕೈ ಬಿಡಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಅಪ್ರೈಸಲ್‌ನಲ್ಲಿ ಒಳ್ಳೆ ರೇಟಿಂಗ್ ಬಂದರೆ ಮುಂದಿನ ವರ್ಷ ಉಳಿಸಿಕೊಳ್ಳುವುದೇ ಕಷ್ಟ.

1966ರ ನವೆಂಬರ್ 1ರಂದು ಹರಿಯಾಣ ರಾಜ್ಯ ಉದಯವಾಯಿತು. ಡಿಸೆಂಬರ್ 9ಕ್ಕೆ ಬ್ಯಾಂಕಾಕ್‌ನಲ್ಲಿ ಏಷ್ಯನ್ ಕ್ರೀಡಾಕೂಟ ಶುರು. ಅದರ ನಡುವೆಯೇ ಹವಾ ಸಿಂಗ್ ಅವರಿಗೆ 29 ತುಂಬಿತು. ಫೈನಲ್‌ನಲ್ಲಿ ಎದುರಾಳಿ ಪಾಕಿಸ್ತಾನದ ಅಬ್ದುಲ್ ರೆಹಮಾನ್. 1965ರ ಯುದ್ಧ ಮುಗಿದು ಆಗಿನ್ನೂ ಒಂದು ವರ್ಷ ಚಿಲ್ಲರೆ. ಒಬ್ಬ ಸೈನಿಕನಿಗೆ ಆ ರಿಂಗ್‌ನಲ್ಲಿ ನಿಂತಾಗ ಏನನ್ನಿಸಿರಬೇಕು ಎಂದು ಊಹಿಸಬಹುದು. ಗೆದ್ದದ್ದು ಹವಾ ಸಿಂಗ್. ಆದರೆ ಅದೇ ಕೂಟದ ಹಾಕಿ ಫೈನಲ್‌ನಲ್ಲೂ ನಾವು ಪಾಕಿಸ್ತಾನವನ್ನು ಸೋಲಿಸಿ ಮೊದಲ ಏಷ್ಯನ್ ಗೇಮ್ಸ್ ಹಾಕಿ ಚಿನ್ನ ತಂದಿದ್ದೆವು. ಅಂದು ಹಾಕಿಯೇ ದೇಶದ ಹುಚ್ಚು, ಬಾಕ್ಸರ್‌ನ ಚಿನ್ನಕ್ಕೆ ಎಷ್ಟು ಜಾಗ ಉಳಿದೀತು? ಆ ವರ್ಷದ ಅರ್ಜುನ ಪ್ರಶಸ್ತಿಯಂತೂ ಬಂತು.

1970ರ ಕೂಟ ಸೋಲ್‌ನಲ್ಲಿ ನಡೆಯಬೇಕಿತ್ತು. ಕೊರಿಯಾ ಕೈ ಎತ್ತಿದ್ದರಿಂದ ಮತ್ತೆ ಬ್ಯಾಂಕಾಕ್‌ಗೆ ಬಂತು. ಹವಾ ಸಿಂಗ್ ಅವರಿಗೆ ಊರು ಹಳೆಯದೇ, ಬಣ್ಣವೂ ಹಳೆಯದೇ. ಇರಾನಿನ ಓಮ್ರಾನ್ ಖತಾಮಿ ಅವರನ್ನು ಮಣಿಸಿ ಎರಡನೇ ಚಿನ್ನ ಗೆದ್ದರು. ಸತತ ಎರಡು ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಇನ್ನೊಬ್ಬ ಭಾರತೀಯ ಬಾಕ್ಸರ್ ಇವತ್ತಿಗೂ ಇಲ್ಲ. ಮೇರಿ ಕೋಮ್, ವಿಜೇಂದರ್, ಅಮಿತ್ ಪಂಘಾಲ್ ಯಾರಿಗೂ ಅದು ಆಗಿಲ್ಲ.

ಇಷ್ಟು ಓದಿದ ಮೇಲೆ ನಾನು ಅವರ ಒಲಿಂಪಿಕ್ಸ್ ದಾಖಲೆ ಹುಡುಕಿದೆ. ಸಿಗಲಿಲ್ಲ. ಮೊದಲು ನನ್ನ ಹುಡುಕಾಟವೇ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, 1952ರ ಹೆಲ್ಸಿಂಕಿ ಆದ ಮೇಲೆ 1972ರ ಮ್ಯೂನಿಕ್‌ವರೆಗೆ ಭಾರತದ ಒಬ್ಬೇ ಒಬ್ಬ ಬಾಕ್ಸರ್ ಒಲಿಂಪಿಕ್ಸ್‌ನಲ್ಲಿ ರಿಂಗ್ ಹತ್ತಿಲ್ಲ. ಮೆಲ್ಬರ್ನ್, ರೋಮ್, ಟೋಕಿಯೊ, ಮೆಕ್ಸಿಕೊ, ನಾಲ್ಕೂ ಖಾಲಿ. ಹವಾ ಸಿಂಗ್ ಅವರ ಪೂರ್ತಿ ಯೌವನ ಆ ಖಾಲಿ ಜಾಗದೊಳಗೇ ಬಿತ್ತು. 1964ರ ಟೋಕಿಯೊದಲ್ಲಿ ಹೆವಿವೇಟ್ ಚಿನ್ನ ಗೆದ್ದವರು ಜೋ ಫ್ರೇಜರ್. 1968ರ ಮೆಕ್ಸಿಕೊದಲ್ಲಿ ಜಾರ್ಜ್ ಫೋರ್‌ಮನ್. ಮ್ಯೂನಿಕ್‌ನಲ್ಲಿ ಕ್ಯೂಬಾದ ಸ್ಟೀವನ್‌ಸನ್. ಮ್ಯೂನಿಕ್‌ಗೆ ಭಾರತ ಮೂವರು ಬಾಕ್ಸರ್‌ಗಳನ್ನು ಕಳುಹಿಸಿತು, ಅದರಲ್ಲಿ ಹೆವಿವೇಟ್ ಇರಲಿಲ್ಲ. ಹವಾ ಸಿಂಗ್ ಅವರಿಗೆ ಆಗ 34.

ಫೋರ್‌ಮನ್ ಎದುರು ಅವರು ಗೆಲ್ಲುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಬಹುಶಃ ಸೋಲುತ್ತಿದ್ದರು, ಚೆನ್ನಾಗಿಯೇ ಹೊಡೆಸಿಕೊಳ್ಳುತ್ತಿದ್ದರೇನೋ. ನನಗೆ ಕಾಡುವುದು ಅದಲ್ಲ. ಏಷ್ಯಾದಲ್ಲೇ ದೊಡ್ಡವನಾದ ಮನುಷ್ಯನಿಗೆ ಜಗತ್ತಿನಲ್ಲಿ ತಾನೆಲ್ಲಿ ನಿಲ್ಲುತ್ತೇನೆ ಎಂದು ತಿಳಿಯುವ ಅವಕಾಶವೇ ಸಿಗಲಿಲ್ಲ. ಸೋಲುವ ಹಕ್ಕೂ ಸಿಗಲಿಲ್ಲ. 1980ರ ಜನವರಿಯಲ್ಲಿ ಮುಹಮ್ಮದ್ ಅಲಿ ದೆಹಲಿಗೆ ಬಂದಾಗ ಪ್ರದರ್ಶನ ಪಂದ್ಯದಲ್ಲಿ ಅವರ ಎದುರು ನಿಂತದ್ದು ಕೌರ್ ಸಿಂಗ್. ಹವಾ ಸಿಂಗ್ ಆಗ 42ರ ಹಿರಿಯ. ಅದೂ ತಪ್ಪಿತು.

ಸೇನೆಯಿಂದ ನಿವೃತ್ತರಾದ ಮೇಲೆ ಅವರು ದೆಹಲಿಯಲ್ಲಿ ಕುರ್ಚಿ ಹುಡುಕಲಿಲ್ಲ, ಭಿವಾನಿಗೆ ಮರಳಿದರು. ಊರಿನ ಜನಕ್ಕೆ ಅವರು ಕ್ಯಾಪ್ಟನ್ ಹವಾ ಸಿಂಗ್. ಅಲ್ಲಿ ಹುಡುಗರಿಗೆ ಗ್ಲೌಸ್ ತೊಡಿಸಿ ಕಲಿಸತೊಡಗಿದರು. ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದ ರಾಜ್‌ಕುಮಾರ್ ಸಾಂಗ್ವಾನ್ ಅವರ ಗರಡಿಯಲ್ಲಿ ಪಳಗಿದವರು. ದೇವಸ್ಥಾನಗಳು ಹೆಚ್ಚೆಂದು ಭಿವಾನಿಯನ್ನು ಹಿಂದಿನಿಂದ ಛೋಟಿ ಕಾಶಿ ಎನ್ನುತ್ತಿದ್ದರು. ಮುಂದೆ ಅದಕ್ಕೆ ಮಿನಿ ಕ್ಯೂಬಾ ಎಂಬ ಇನ್ನೊಂದು ಹೆಸರು ಅಂಟಿಕೊಂಡಿತು. ಊರಿಗೆ ಒಬ್ಬ ಮನುಷ್ಯ ತನಗೆ ಗೊತ್ತಿದ್ದ ಒಂದೇ ಕಸುಬನ್ನು ಹಂಚಿಕೊಟ್ಟ. ನಾವು ಊರು ಬಿಟ್ಟು ಬಂದವರು ಸಂಘದ ರಾಜ್ಯೋತ್ಸವದಲ್ಲಿ ಊರಿಗೆ ಏನಾದರೂ ಮಾಡಬೇಕು ಎಂದು ಪ್ರತಿವರ್ಷ ಮಾತಾಡುತ್ತೇವೆ. ನಾನೂ ಮಾತಾಡಿದ್ದೇನೆ.

ತರಬೇತುದಾರರಾಗಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಘೋಷಣೆಯಾಯಿತು. 1999ರ ಸಾಲಿನ ಆ ಪ್ರಶಸ್ತಿಯನ್ನು ಕೊಡುವುದು 2000ದ ಆಗಸ್ಟ್ 29ರಂದು, ಧ್ಯಾನ್‌ಚಂದ್ ಹುಟ್ಟಿದ ದಿನ. ಆಗಸ್ಟ್ 14ರಂದು ಭಿವಾನಿಯಲ್ಲಿ ಹವಾ ಸಿಂಗ್ ಹಠಾತ್ತನೆ ತೀರಿಕೊಂಡರು. ಹದಿನೈದು ದಿನದ ಅಂತರ. ಪ್ರಶಸ್ತಿಯನ್ನು ಪತ್ನಿ ಅಂಗೂರಿ ದೇವಿ ತೆಗೆದುಕೊಂಡರು.

ಎಂಟು ವರ್ಷದ ನಂತರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಐವರು ಭಾರತೀಯ ಬಾಕ್ಸರ್‌ಗಳಲ್ಲಿ ನಾಲ್ವರು ಭಿವಾನಿಯವರು. ಅವರು ಕಲಿತದ್ದು ಜಗದೀಶ್ ಸಿಂಗ್ ಅವರ ಕ್ಲಬ್‌ನಲ್ಲಿ. ವಿಜೇಂದರ್ ಸಿಂಗ್ ಕಂಚು ತಂದರು, ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಭಾರತದ ಮೊದಲ ಪದಕ ಅದು. ಅಖಿಲ್ ಕುಮಾರ್, ಜಿತೇಂದರ್ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ಆ ದಿನಗಳಲ್ಲಿ ನಾನು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದೆ, ವಿಜೇಂದರ್ ಪಂದ್ಯ ನೋಡಿದ್ದು ಚೆನ್ನಾಗಿ ನೆನಪಿದೆ. ಭಿವಾನಿ ಎಂಬ ಹೆಸರು ಕಿವಿಗೆ ಬಿದ್ದಿತ್ತು. ಅದರ ಹಿಂದೆ ಯಾರಿದ್ದಾರೆಂದು ಕೇಳಬೇಕು ಅನ್ನಿಸಿರಲಿಲ್ಲ.

ಹವಾ ಸಿಂಗ್ ಅವರ ಮಗ ಸಂಜಯ್ ಕೂಡ ಬಾಕ್ಸರ್. ಅಪ್ಪನ ಹೆಸರಿನ ಅಕಾಡೆಮಿಯನ್ನು ಭಿವಾನಿಯಲ್ಲಿ ನಡೆಸುತ್ತಾರೆ. ಅವರ ಮಗಳೇ ನೂಪುರ್. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, ನವೆಂಬರ್‌ನಲ್ಲಿ ನನ್ನ ಕಣ್ಣೆದುರು ಚಿನ್ನ.

ಆ ರಾತ್ರಿ ಎಕ್ಸ್‌ಪ್ರೆಸ್‌ವೇಯಲ್ಲಿ ವಾಪಸು ಬರುವಾಗ, ಹಾಗಾದರೆ ಇವರು ಮುಂದಿನ ಒಲಿಂಪಿಕ್ಸ್‌ನಲ್ಲಿ ತಾತನ ಬಾಕಿ ತೀರಿಸಬಹುದಲ್ಲ ಎಂದು ಭಿವಾನಿ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ಯಾರಿಸ್‌ನಲ್ಲಿ ಮಹಿಳೆಯರ ಅತಿ ಭಾರದ ವಿಭಾಗ 75 ಕೆ.ಜಿ.ಯದ್ದು. 80+ ವಿಭಾಗ ಈವರೆಗೆ ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ.