ದಾದಿಯು ಬಿತ್ತಿದ ಬೀಜ

ಮಹಾತ್ಮಾ ಗಾಂಧಿಯವರು 1869ರಲ್ಲಿ ಪೋರಬಂದರದಲ್ಲಿ ಜನಿಸಿದರು. ತಾಯಿ ಪುತಲೀಬಾಯಿಯವರು ನಿತ್ಯಪ್ರಾರ್ಥನೆಯಿಲ್ಲದೆ ಊಟವನ್ನು ಮುಟ್ಟದ ಸಾಧ್ವಿ. ಆದರೂ ಬಾಲಕ ಮೋಹನದಾಸನಿಗೆ ಇರುಳೆಂದರೆ ಭಯ. ಭೂತ, ಕಳ್ಳ, ಸರ್ಪಗಳು ಬಂದಾವೆಂಬ ಅಂಜಿಕೆಯಿಂದ ಕತ್ತಲೆಯಲ್ಲಿ ಮಲಗಲಾರನು. ಮನೆಯ ದಾದಿಯಾದ ರಂಭಾ, ರಾಮನಾಮವನ್ನು ಜಪಿಸಬೇಕೆಂದು ಉಪದೇಶಿಸಿದಳು. ಬಾಲಕನಿಗೆ ಮದ್ದಿಗಿಂತಲೂ ಮದ್ದನ್ನು ಕೊಟ್ಟವಳಲ್ಲಿಯೇ ಹೆಚ್ಚು ನಂಬಿಗೆ, ಜಪವನ್ನು ಆರಂಭಿಸಿದನು. ಅದು ಬಹುಕಾಲ ನಡೆಯಲಿಲ್ಲ. ಭಯವೂ ಒಡನೆಯೇ ತೊಲಗಲಿಲ್ಲ. ಆದರೆ ಬಿತ್ತಿದ ಬೀಜವು ಹುಸಿಯಾಗಲಿಲ್ಲ. ಮುಂದೆ ಆ ನಾಮವೇ ಅವರಿಗೆ ಜೀವನದ ಆಸರೆಯಾಯಿತು. ಆ ಪುಣ್ಯವು ರಂಭೆಯದೆಂದು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1948ರ ಜನವರಿ 30ರಂದು ಪ್ರಾರ್ಥನಾಸಭೆಗೆ ನಡೆಯುತ್ತಿದ್ದಾಗಲೇ ಅವರು ಗುಂಡಿಗೆ ಬಲಿಯಾದರು.

ಮಕ್ಕಳನ್ನು ಮಲಗಿಸುವಾಗ ಷಡಕ್ಷರ ಮಂತ್ರವನ್ನು ನುಡಿಸುವ ಶರಣ ತಾಯಂದಿರು ಇದನ್ನು ನೆನೆಯಬೇಕು. ಕೂಸು ಮಂತ್ರದ ಅರ್ಥವನ್ನರಿಯದು. ತಾಯಿಯ ಪ್ರೀತಿಯನ್ನು ಅರಿಯುವುದು. ನಡುವೆ ಮರೆತರೂ ಧೃತಿಗೆಡಬೇಕಾಗಿಲ್ಲ.