ವಜ್ರದ ಬೆನ್ನು ಹತ್ತಿದ ರಾಮನ್

ಕೆಮಿಸ್ಟ್ರಿ ಸೈಕಲ್ ಮುಗಿಸಿದ ಯಾರನ್ನೇ ಕೇಳಿ, ಸಹವೇಲೆನ್ಸೀಯ ಬಂಧ ಅಂದ್ರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಳ್ಳೋದು ಅಂತ ಥಟ್ಟನೆ ಹೇಳ್ತಾರೆ. ಹಂಚಿಕೊಂಡ ಮೇಲೆ ಆ ಬಂಧ ಎಷ್ಟು ಬಿಗಿ, ಕಣ್ಣಿಗೆ ಕಾಣದ್ದನ್ನು ಅಳೆಯೋದು ಹೇಗೆ ಅಂತ ಕೇಳಿದರೆ ಮಾತ್ರ ನಾವೆಲ್ಲ ಸುಮ್ಮನಾಗ್ತೀವಿ. ಅದನ್ನು ಬೆಳಕಿನಿಂದ ಅಳೆಯುವ ದಾರಿ ತೋರಿಸಿದವರು ಸರ್ ಸಿ.ವಿ. ರಾಮನ್. ಅವರು ತಮ್ಮ ಬದುಕಿನ ಕೊನೆಯ 37 ವರ್ಷ ಕಳೆದದ್ದು ಬೆಂಗಳೂರಿನಲ್ಲಿ, ನಮ್ಮ ಅನುಗೊಂಡನಹಳ್ಳಿಯಿಂದ ಒಂದೆರಡು ಬಸ್ ಬದಲಾಯಿಸಿದರೆ ಸಿಗುವ ಜಾಗಗಳಲ್ಲಿ. ಪ್ರತಿ ಫೆಬ್ರವರಿ 28ಕ್ಕೆ ಕಾಲೇಜಿನ ಪೋಸ್ಟರ್‌ಗಳಲ್ಲಿ ಕಾಣುವ ರಾಮನ್ ಅವರ ನೊಬೆಲ್ ಕಥೆ ಎಲ್ಲರಿಗೂ ಗೊತ್ತು. ನಾವಿಲ್ಲಿ ಹೇಳಹೊರಟಿರೋದು ಅದರ ಮುಂದಿನ ಕಥೆ, ವಜ್ರದ ಕಥೆ.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿ, 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಗೆ ಸೇರಿ ಕಲ್ಕತ್ತಕ್ಕೆ ಹೋದರು. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ, ಉಳಿದ ಹೊತ್ತೆಲ್ಲ ಬೌಬಜಾರ್ ಬೀದಿಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಒಳ್ಳೇ ಸಂಬಳದ ಸರ್ಕಾರಿ ನೌಕರಿ ಬಿಟ್ಟು, ಕಲ್ಕತ್ತ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು.

1928ರಲ್ಲಿ ಅವರೂ ಕೆ.ಎಸ್. ಕೃಷ್ಣನ್ ಅವರೂ ಕಂಡದ್ದೇನು? ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದರೆ, ಚೆದುರಿ ಬರುವ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗಿರುತ್ತೆ. ಬೆಳಕಿನ ಕಣ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಅಣುವಿನ ಕಂಪನಕ್ಕೆ ಕೊಟ್ಟು ಬಂದಿರುತ್ತೆ. ಎಷ್ಟು ಕೊಟ್ಟಿತು ಅಂತ ಅಳೆದರೆ, ಆ ಬಂಧ ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅಂತ ಗೊತ್ತಾಗುತ್ತೆ. ಎರಡು ಪರಮಾಣುಗಳ ನಡುವಿನ ಬಂಧವನ್ನು ಸ್ಪ್ರಿಂಗ್ ಅಂದುಕೊಳ್ಳಿ. ಸ್ಪ್ರಿಂಗ್ ಬಿಗಿಯಾದಷ್ಟೂ, ತೂಕ ಕಡಿಮೆಯಾದಷ್ಟೂ ಕಂಪನ ಜೋರು. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿ. ಆಡಳಿತದಲ್ಲಿ ಜಗಳಗಳಾದವು. 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟು, 1948ರವರೆಗೆ ಬರೀ ಭೌತಶಾಸ್ತ್ರದ ಪ್ರೊಫೆಸರ್ ಆಗಿ ಉಳಿದರು. ಆ ವರ್ಷಗಳಲ್ಲಿ ಅವರನ್ನು ಬಲವಾಗಿ ಹಿಡಿದುಕೊಂಡದ್ದೇ ವಜ್ರ.

ವಜ್ರವೇ ಯಾಕೆ? ಸಹವೇಲೆನ್ಸೀಯ ಬಂಧಕ್ಕೆ ಅದಕ್ಕಿಂತ ಶುದ್ಧವಾದ ಉದಾಹರಣೆ ಸಿಗೋದು ಕಷ್ಟ. ಕಾರ್ಬನ್ನಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್. ಪ್ರತಿ ಕಾರ್ಬನ್ ತನ್ನ ನಾಲ್ಕು ನೆರೆಯವರ ಜೊತೆ ಒಂದೊಂದು ಜೋಡಿ ಹಂಚಿಕೊಂಡು ಎಂಟರ ಲೆಕ್ಕ ತುಂಬಿಸಿಕೊಳ್ಳುತ್ತೆ. ನಾಲ್ಕು ಬಂಧಗಳ ನಡುವೆ 109.5 ಡಿಗ್ರಿ ಕೋನ, ಪ್ರತಿ ಬಂಧದ ಉದ್ದ 1.54 ಆಂಗ್‌ಸ್ಟ್ರಾಮ್. ಇಡೀ ಹರಳೇ ಒಂದು ದೊಡ್ಡ ಅಣು ಇದ್ದಂಗೆ. ಎರಡೂ ಕಡೆ ಕಾರ್ಬನ್ನೇ ಇರೋದರಿಂದ ಹಂಚಿಕೆ ಸಮಪಾಲು, ಯಾವ ತುದಿಗೂ ಹೆಚ್ಚಿನ ಚಾರ್ಜ್ ಇಲ್ಲ. ಹಾಗಾಗಿ ವಜ್ರದ ಮುಖ್ಯ ಕಂಪನ ಇನ್‌ಫ್ರಾರೆಡ್ ಬೆಳಕನ್ನು ನೇರವಾಗಿ ಹೀರಿಕೊಳ್ಳಲ್ಲ. ಆದರೆ ಬಂಧ ಹಿಗ್ಗಿ ಕುಗ್ಗಿದಾಗ ಹಂಚಿಕೊಂಡ ಎಲೆಕ್ಟ್ರಾನ್ ಮೋಡದ ಆಕಾರ ಬದಲಾಗುತ್ತೆ. ರಾಮನ್ ಪರಿಣಾಮ ಹಿಡಿಯೋದು ಅದನ್ನೇ. ಇನ್‌ಫ್ರಾರೆಡ್‌ಗೆ ಕಾಣದ ಸಮಪಾಲು ರಾಮನ್ ಬೆಳಕಿಗೆ ಎದ್ದು ಕಾಣುತ್ತೆ.

ರಾಮಸ್ವಾಮಿ, ಭಗವಂತಂ ಮೊದಲಾದವರು 1930ರಲ್ಲೇ ವಜ್ರದ ಈ ಗೆರೆಯನ್ನು ದಾಖಲಿಸಿದ್ದರು: ಸೆಂಟಿಮೀಟರಿಗೆ 1332. ಅಂದ್ರೆ ಸೆಕೆಂಡಿಗೆ ಸುಮಾರು 40 ಲಕ್ಷ ಕೋಟಿ ಕಂಪನ! ಅದೇ ರಚನೆಯ ಸಿಲಿಕಾನ್‌ನಲ್ಲಿ ಈ ಗೆರೆ ಬರೋದು 520ಕ್ಕೆ. ಎರಡರ ಅನುಪಾತ 2.56, ಅದರ ವರ್ಗ ಸುಮಾರು 6.6. ಸಿಲಿಕಾನ್ ಪರಮಾಣುವಿನ ತೂಕ ಕಾರ್ಬನ್ನಿಗಿಂತ 2.3 ಪಟ್ಟು, ಅದರಿಂದ ಭಾಗಿಸಿ. ವಜ್ರದ ಸ್ಪ್ರಿಂಗ್ ಸಿಲಿಕಾನ್ ಸ್ಪ್ರಿಂಗಿಗಿಂತ ಹೆಚ್ಚುಕಮ್ಮಿ 2.8 ಪಟ್ಟು ಬಿಗಿ. ಎರಡು ಗೆರೆ, ಒಂದು ಕ್ಯಾಲ್ಕ್ಯುಲೇಟರ್, ಅಷ್ಟೇ.

ರಾಮನ್ ನೂರಾರು ವಜ್ರ ಕೂಡಿಸಿದರು. ಒಡವೆಗಾಗಿ ಅಲ್ಲ, ಒಂದೊಂದೂ ಬೆಳಕನ್ನು ಹೇಗೆ ಚೆದುರಿಸುತ್ತೆ, ಹೇಗೆ ಹೊಳೆಯುತ್ತೆ ಅಂತ ನೋಡಲು. ಕಷ್ಟ ಶುರುವಾಗಿದ್ದು ಸಿದ್ಧಾಂತದಲ್ಲಿ. ಹರಳಿನಲ್ಲಿ ಪ್ರತಿ ಪರಮಾಣುವೂ ಪಕ್ಕದ್ದಕ್ಕೆ ಕಟ್ಟಿಕೊಂಡಿದೆ, ಹಾಗಾಗಿ ಒಂದರ ಅಲುಗಾಟ ಅಲೆಯಾಗಿ ಹರಳಿನ ತುಂಬ ಹಬ್ಬುತ್ತೆ, ಆವರ್ತನಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿರುತ್ತವೆ ಅಂತ ಮ್ಯಾಕ್ಸ್ ಬಾರ್ನ್ ಹೇಳಿದ್ದರು. ರಾಮನ್ ಒಪ್ಪಲಿಲ್ಲ. ವಜ್ರದಲ್ಲಿ ಬೆರಳೆಣಿಕೆಯಷ್ಟು ಬಿಡಿ ಬಿಡಿ ಆವರ್ತನಗಳೇ ಇರೋದು ಅಂತ 1940ರ ದಶಕದಲ್ಲಿ ತಮ್ಮದೇ ಸಿದ್ಧಾಂತ ಕಟ್ಟಿದರು.

ವಿಪರ್ಯಾಸ ನೋಡಿ, ಈ ಬಾರ್ನ್ ಅವರೇ 1935-36ರಲ್ಲಿ ರಾಮನ್ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ತಿಂಗಳುಗಟ್ಟಲೆ ಇದ್ದವರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕು ಅಂತ ರಾಮನ್ ಪ್ರಯತ್ನಪಟ್ಟಿದ್ದರು, ಆಗಲಿಲ್ಲ. ಈಗ ಇಬ್ಬರೂ ಎದುರು ಬದುರು.

ರಾಮನ್ ಅವರ ಶಿಷ್ಯ ಆರ್.ಎಸ್. ಕೃಷ್ಣನ್ ಇಲ್ಲೇ ಪಾದರಸ ದೀಪದ ನೇರಳಾತೀತ ಬೆಳಕು ಬಳಸಿ, ವಜ್ರದ ತೀರಾ ಮಸುಕಾದ ಎರಡನೇ ಹಂತದ ರೋಹಿತವನ್ನು ಹಿಡಿದರು. ಅದರಲ್ಲಿ ಅಲ್ಲಲ್ಲಿ ಶಿಖರಗಳು ಕಂಡವು. ರಾಮನ್‌ಗೆ ಅದು ಗೆಲುವಿನಂತೆ ತೋರಿತು. ಆದರೆ 1948ರಲ್ಲಿ ಬಾರ್ನ್ ಬಳಗದ ಹೆಲೆನ್ ಸ್ಮಿತ್, ಆವರ್ತನಗಳು ಸಾಲಾಗಿದ್ದರೂ ಕೆಲವು ಕಡೆ ದಟ್ಟವಾಗಿರೋದರಿಂದ ಇಂಥ ಶಿಖರಗಳು ಬರಬಹುದು ಅಂತ ಲೆಕ್ಕ ಹಾಕಿ ತೋರಿಸಿದರು. 1960ರ ದಶಕದಲ್ಲಿ ನ್ಯೂಟ್ರಾನ್ ಚೆದುರಿಕೆಯಿಂದ ವಜ್ರದ ಕಂಪನಗಳನ್ನು ನೇರವಾಗಿ ಅಳೆದರು. ಬಾರ್ನ್ ಚಿತ್ರವೇ ಸರಿ ಇತ್ತು. ಹಂಚಿಕೊಂಡ ಬಂಧದಲ್ಲಿ ಯಾವ ಪರಮಾಣುವೂ ತನ್ನಷ್ಟಕ್ಕೆ ಅಲುಗಾಡಲಾರದು.

ರಾಮನ್ ಕೊನೆವರೆಗೂ ಒಪ್ಪಲಿಲ್ಲ. ನೊಬೆಲ್, 1954ರ ಭಾರತರತ್ನ, ತಾವೇ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ, ಎಲ್ಲವೂ ಇತ್ತು. ವಜ್ರದ ವಿಷಯದಲ್ಲಿ ಅವು ಯಾವುವೂ ಲೆಕ್ಕಕ್ಕೆ ಬರಲಿಲ್ಲ. ಅವರ ಸಿದ್ಧಾಂತವನ್ನು ಈಗ ಯಾರೂ ಪಾಠ ಮಾಡಲ್ಲ. ಆದರೆ ಆ ವಾದಕ್ಕಾಗಿ ಬೆಂಗಳೂರಿನಲ್ಲಿ ಮಾಡಿದ ಅಳತೆಗಳು ಗಟ್ಟಿಯಾಗಿ ನಿಂತವು. ಅವರನ್ನು ಸೋಲಿಸಿದ ಲೆಕ್ಕಾಚಾರಕ್ಕೂ ಅವೇ ಒರೆಗಲ್ಲಾದವು.

1948ರಲ್ಲಿ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗ, ಇವತ್ತಿನ ಮೇಖ್ರಿ ಸರ್ಕಲ್ ಹತ್ತಿರ. 1970ರ ನವೆಂಬರ್ 21ರಂದು ತೀರಿಕೊಂಡರು. ಆ ಆವರಣದಲ್ಲೇ ಅಂತ್ಯಸಂಸ್ಕಾರ ಆಯ್ತು. ಸಮಾಧಿ ಕಟ್ಟಲಿಲ್ಲ, ಒಂದು ಗಿಡ ನೆಟ್ಟರು.

ಇವತ್ತು ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಪದರ ನಿಜಕ್ಕೂ ವಜ್ರವೇ ಅಂತ ನೋಡಬೇಕಾದರೆ ಮೊದಲು ಹುಡುಕೋದು ಆ 1332ರ ಗೆರೆಯನ್ನೇ. ರಾಮನ್ ಸ್ಪೆಕ್ಟ್ರೋಮೀಟರ್ ಸರಿಯಾಗಿದೆಯಾ ಅಂತ ಪರೀಕ್ಷಿಸೋಕೆ ಸಿಲಿಕಾನಿನ 520 ಇದೆ. ಮೆಟೀರಿಯಲ್ಸ್ ಲ್ಯಾಬಿನಲ್ಲಿ ಯಾವತ್ತಾದರೂ ಅವಕಾಶ ಸಿಕ್ಕರೆ ಎರಡನ್ನೂ ಒಮ್ಮೆ ನೋಡಿ, ಸ್ಪ್ರಿಂಗಿನ ಲೆಕ್ಕ ನೀವೇ ಹಾಕಿ.