ಸೆರೆಮನೆಯಲ್ಲೂ ಕುಂದದ ವಿಶ್ವಾಸ

ಗೋವೆಯ ಬೆಣಾವಲಿಯಲ್ಲಿ 1651ರಲ್ಲಿ ಜನಿಸಿದ ಸಂತ ಜೋಸೆಫ್ ವಾಜ್ ಅವರು 1676ರಲ್ಲಿ ಗುರುದೀಕ್ಷೆ ಪಡೆದು, 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಆ ಕಾಲದಲ್ಲಿ ಸಿಂಹಳದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಕುರುಬನಿಲ್ಲದ ಆ ಮಂದೆಯನ್ನು ಅರಸಿ 1687ರಲ್ಲಿ ಅವರು ವೇಷ ಮರೆಸಿಕೊಂಡು ಜಾಫ್ನಾ ಸೇರಿದರು. ರೋಗದಿಂದ ಬಳಲಿದರೂ ಹಿಂದಿರುಗಲಿಲ್ಲ. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಗುರುತಿಸುವ ವಿಶ್ವಾಸಿಗಳನ್ನು ಕಂಡುಕೊಂಡರು. ರಾತ್ರಿಯ ವೇಳೆ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು.

1692ರಲ್ಲಿ ಕ್ಯಾಂಡಿಯನ್ನು ತಲುಪಿದಾಗ ಪೋರ್ಚುಗೀಸರ ಬೇಹುಗಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿಡಲಾಯಿತು. ದೇವರ ಮೇಲೆ ಭಾರ ಹಾಕಿದ ಅವರು ಅಲ್ಲಿಯೇ ಸಿಂಹಳ ಭಾಷೆ ಕಲಿತರು, ಪ್ರಾರ್ಥನೆಗೆಂದು ಪುಟ್ಟ ಗುಡಿಸಲು ಕಟ್ಟಿದರು. 1697ರಲ್ಲಿ ಸಿಡುಬು ಹರಡಿ, ಜನರು ಸ್ವಂತ ಬಂಧುಗಳನ್ನೇ ತೊರೆದು ಓಡಿದಾಗ, ಮತಭೇದವೆಣಿಸದೆ ರೋಗಿಗಳ ಆರೈಕೆ ಮಾಡಿದರು, ಮೃತರನ್ನು ಮಣ್ಣು ಮಾಡಿದರು. ಒಮ್ಮೆ ಸಂಶಯಿಸಿದ ಅರಸನೇ ಅವರನ್ನು ಗೌರವಿಸಿದನು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಅವರು ಪ್ರಭುವಿನಲ್ಲಿ ನಿದ್ರಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ದೇವರು ಅವರನ್ನು ಕಷ್ಟಗಳಿಂದ ದೂರವಿರಿಸಲಿಲ್ಲ, ಕಷ್ಟಗಳ ನಡುವೆಯೇ ಕೈಹಿಡಿದು ನಡೆಸಿದರು. ನಮ್ಮ ಸಂಕಟದ ದಿನಗಳಲ್ಲೂ ನಾವು ಬೇಡಬೇಕಾದ ವರ ಇದೇ.